ಗೋಡೆಯ ಮೇಲಿನ ಮಾಳಪ್ಪ

2019ರ ಜೂನ್ 17, ಸೋಮವಾರ ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಹುಕ್ಕೇರಿ ತಾಲೂಕು ಹತ್ತರಗಿಯ ನಟ ಮಾಳಪ್ಪ ಪೂಜೇರಿಯವರು ಮೊದಲ ಸಲ ಟಿವಿಯಲ್ಲಿ ಕಾಣಿಸಿಕೊಂಡರು. ಕಾಣಿಸಿಕೊಂಡದ್ದು ಗೋಡೆಯ ಮೇಲೆ. ಕೊರಳಲ್ಲಿ ಗಂಧದ ಹಾರವಿತ್ತು. ಕೆಳಗೆ ಕೆಂಪು ಬಲ್ಬು ಉರಿಯುತ್ತಿತ್ತು.

ಧಾರಾವಾಹಿಯ ಹೆಸರು 'ಅಂಗಳದ ಆಣೆ'. ಕಥೆ ಶುರುವಾಗುವ ಮೊದಲೇ ತೀರಿಕೊಂಡ ತಂದೆಯ ಪಾತ್ರ ಅವರದು.

ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಮಾಳಪ್ಪನವರು ಮೂಡಲಗಿಯ ದಾದಾಸಾಹೇಬರ ನಾಟಕ ಕಂಪನಿಯಲ್ಲಿ ಖಳನಾಯಕರಾಗಿದ್ದರು. ದಾದಾಸಾಹೇಬರಿಗೆ ಹಗಲಿಗೆ ಬೆಲ್ಲದ ವ್ಯಾಪಾರ, ಸಂಜೆಗೆ ನಾಟಕ. ಕಂಪನಿಯ ದೊಡ್ಡ ಆಟ 'ಕೆಂಪು ರುಮಾಲಿನ ಗೌಡ'. ಅದರ ಎರಡನೇ ಅಂಕದಲ್ಲಿ ಗೌಡನಿಗೆ ಹನ್ನೊಂದು ನಿಮಿಷದ ಒಂದೇ ಮಾತಿದೆ. "ಈ ಊರಾಗ ಗಾಳಿ ಬೀಸಬೇಕಾದ್ರೂ ನನ್ನ ಕೇಳಬೇಕು!" ಎಂದು ಶುರುವಾಗುತ್ತದೆ. ಮಾಳಪ್ಪನವರು ಅದನ್ನು ಮೈಕಿಲ್ಲದೆ ಹೇಳುತ್ತಿದ್ದರು. ಹಿಂದಿನ ಸಾಲಿನ ಕೂಸುಗಳು ಅಳುತ್ತಿದ್ದವು, ಮುಂದಿನ ಸಾಲಿನ ಹೆಂಗಸರು ಬೆರಳು ಮುರಿದು ಶಾಪ ಹಾಕುತ್ತಿದ್ದರು. ಶಾಪ ಕಡಿಮೆ ಬಿದ್ದ ದಿನ ಮಾಳಪ್ಪನವರಿಗೆ ಊಟ ಸೇರುತ್ತಿರಲಿಲ್ಲ.

ಧಾರಾವಾಹಿಯವರು ಕಲಾವಿದರು ಬೇಕೆಂದು ಪ್ರಕಟಣೆ ಕೊಟ್ಟಾಗ ಮಾಳಪ್ಪನವರು ಅರ್ಜಿ ಹಾಕಿದರು. ಅರ್ಜಿಯ ಜೊತೆ ಮೂರು ಪಾಸ್‌ಪೋರ್ಟ್ ಫೋಟೋ ಬೇಕಾಗಿತ್ತು. ಹುಕ್ಕೇರಿಯ ಸ್ಟುಡಿಯೋದವನು "ಉಸರ ಹಿಡೀರಿ" ಎಂದ. ಹಿಡಿದರು. ಬಿಡಲು ಹೇಳುವುದನ್ನು ಅವನು ಮರೆತ. ಆ ಕಾರಣಕ್ಕೆ ಫೋಟೋದಲ್ಲಿ ಮಾಳಪ್ಪನವರ ಮುಖದ ಮೇಲೆ ಇಹಲೋಕದ ಯಾವ ಚಿಂತೆಯೂ ಇರಲಿಲ್ಲ.

ಹದಿನೆಂಟು ದಿನಕ್ಕೆ ಉತ್ತರ ಬಂತು.

"ಮಾನ್ಯರೇ, ತಮ್ಮ ಭಾವಚಿತ್ರವು ತಂದೆಯ ಪಾತ್ರಕ್ಕೆ ಆಯ್ಕೆಯಾಗಿರುತ್ತದೆ. ತಾವು ಚಿತ್ರೀಕರಣಕ್ಕೆ ಬರುವ ಅಗತ್ಯ ಇರುವುದಿಲ್ಲ. ಉಳಿದ ಎರಡು ಪ್ರತಿಗಳನ್ನು ಹಿಂದಿರುಗಿಸಲಾಗಿದೆ."

ಮಾಳಪ್ಪನವರು ಪತ್ರವನ್ನು ಎರಡು ಸಲ ಓದಿ ಹೆಂಡತಿ ದುಂಡವ್ವನಿಗೆ ಹೇಳಿದರು. "ನಾ ಬರೂದು ಬ್ಯಾಡಂತ. ಫೋಟೋ ಸಾಕಂತ."

"ಛಲೋ ಆತು ಬಿಡ್ರಿ," ಎಂದಳು ದುಂಡವ್ವ. "ಬಸ್ಸಿನ್ಯಾಗ ನಿಮಗ ವಾಂತಿ ಬರ್ತೈತಿ."

ಜೊತೆಗೆ ಕರಾರುಪತ್ರವೂ ಇತ್ತು. ಅದರ ಪ್ರಕಾರ ಕಲಾವಿದರು ಧಾರಾವಾಹಿ ಮುಗಿಯುವವರೆಗೆ ಮೀಸೆಯ ಅಳತೆ ಬದಲಿಸತಕ್ಕದ್ದಲ್ಲ. ದಪ್ಪಗಾಗತಕ್ಕದ್ದಲ್ಲ, ತೆಳ್ಳಗಾಗತಕ್ಕದ್ದಲ್ಲ. ಸಾರ್ವಜನಿಕ ಸ್ಥಳದಲ್ಲಿ ಹಲ್ಲು ತೋರಿಸತಕ್ಕದ್ದಲ್ಲ. ಒಂಬತ್ತನೇ ಕಲಮಿನಲ್ಲಿ, ಪಾತ್ರವು ಈಗಾಗಲೇ ತೀರಿಕೊಂಡಿರುವುದರಿಂದ ಕಲಾವಿದರು ಪ್ರತ್ಯೇಕವಾಗಿ ತೀರಿಕೊಂಡಲ್ಲಿ ಕಂಪನಿಗೆ ಆಕ್ಷೇಪವಿಲ್ಲ ಎಂದಿತ್ತು. ಮಾಳಪ್ಪನವರು ಸಹಿ ಮಾಡಿದರು.

ಪಾತ್ರ ಬೆಳೆಯಿತು. ಕಥೆಯ ಸೊಸೆ ಪ್ರತಿ ಕಂತಿನಲ್ಲೂ ಮಾವನ ಫೋಟೋದ ಮುಂದೆ ನಿಂತು ಆಣೆ ಮಾಡುತ್ತಿದ್ದಳು. ಪ್ರತಿ ಆಣೆಗೂ ಕ್ಯಾಮೆರಾ ಮಾಳಪ್ಪನವರ ಮುಖದ ಹತ್ತಿರ ಮೂರು ಸಲ ಹೋಗಿ ಬರುತ್ತಿತ್ತು, ಗುಡುಗಿನ ಶಬ್ದದ ಸಮೇತ. ಎರಡು ವರ್ಷದಲ್ಲಿ ಸೊಸೆಯ ಪಾತ್ರಕ್ಕೆ ಮೂವರು ನಟಿಯರು ಬದಲಾದರು, ಮಗನ ಪಾತ್ರಕ್ಕೆ ಇಬ್ಬರು ನಟರು. ಕೊನೆಗೆ ಮನೆಯೇ ಬದಲಾಯಿತು. ಲಾಕ್‌ಡೌನ್ ಬಂದು ನಾಡಿನ ಎಲ್ಲ ನಟರ ಕೆಲಸ ನಿಂತಾಗ ಮಾಳಪ್ಪನವರ ಕೆಲಸದಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ. ಆರುನೂರನೇ ಕಂತಿನ ಹೊತ್ತಿಗೆ ಆ ಧಾರಾವಾಹಿಯಲ್ಲಿ ಮೊದಲಿನಿಂದ ಇದ್ದ ಕಲಾವಿದರು ಅವರೊಬ್ಬರೇ.

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಅವರನ್ನು ಜನ 'ಅಪ್ಪಾರು' ಎಂದು ಕರೆಯತೊಡಗಿದರು. ಹೆದ್ದಾರಿಯ ಚಹಾದಂಗಡಿಯಲ್ಲಿ ಅವರು ಬೆಂಚಿನ ಮೇಲೆ ಕೂತರೆ ಉಳಿದವರು ಎದ್ದು ಚಪ್ಪಲಿ ಬಿಡುತ್ತಿದ್ದರು. ಒಬ್ಬ ಮುದುಕಿ ಅವರ ಮುಂದಿದ್ದ ಚಹಾದ ಕಪ್ಪಿನ ಸುತ್ತ ನೀರು ಬಿಟ್ಟು ನೈವೇದ್ಯ ತೋರಿಸಿದಳು. ಮಾಳಪ್ಪನವರು ಚಹಾ ಆರುವವರೆಗೆ ಕಾಯಬೇಕಾಯಿತು.

ತೊಂದರೆಯಾದದ್ದು ನಾಟಕಕ್ಕೆ.

ಲಾಕ್‌ಡೌನ್ ಮುಗಿದು ಮೂಡಲಗಿಯಲ್ಲಿ 'ಕೆಂಪು ರುಮಾಲಿನ ಗೌಡ' ಮತ್ತೆ ಶುರುವಾಯಿತು. ಎರಡನೇ ಅಂಕದಲ್ಲಿ ಗೌಡ ಬಡ ವಿಧವೆಯ ಹೊಲ ಕಸಿಯಲು ಬರುತ್ತಾನೆ. ಮಾಳಪ್ಪನವರು ಕೆಂಪು ರುಮಾಲು ಸುತ್ತಿ ರಂಗದ ಮೇಲೆ ಕಾಲಿಟ್ಟ ಕೂಡಲೇ ಇಡೀ ಸಭೆ ಎದ್ದು ಕೈ ಮುಗಿಯಿತು. ಮಾಳಪ್ಪನವರು ಹನ್ನೊಂದು ನಿಮಿಷದ ಮಾತಿಗೆ ಬಾಯಿ ತೆರೆಯುವ ಮೊದಲೇ, ಗೌಡನ ಕೈಯಲ್ಲಿದ್ದ ಹೊಲದ ಕಾಗದ ನೋಡಿ ಮುಂದಿನ ಸಾಲಿನ ಅಲ್ಲವ್ವ ಎಂಬವಳು ವಿಧವೆಗೆ ಕೂಗಿ ಹೇಳಿದಳು.

"ಹೆಬ್ಬಟ್ಟ ಒತ್ತಿ ಬಿಡ ಯವ್ವಾ! ಅಪ್ಪಾರು ಸತ್ತ ಮ್ಯಾಲೂ ಬಂದು ಕೇಳಾಕತ್ತಾರ, ಇಲ್ಲ ಅನಬಾರದು!"

"ಹೊಲಾ ತಗೊಂಡು ಅವರೇನ್ ಮಾಡ್ತಾರ, ಅವರಿಗೇನ್ ಹೊಟ್ಟೀನ ಬಟ್ಟೀನ?" ಎಂದಳು ಬಾಜೂದವಳು. "ಕೊಡ ಅಂದ್ರ ಕೊಡ!"

ವಿಧವೆಯ ಪಾತ್ರದ ತಾರಾಬಾಯಿಗೆ ಹತ್ತೊಂಬತ್ತು ವರ್ಷದ ಅನುಭವ. ಆದರೂ ಗಲಿಬಿಲಿಯಲ್ಲಿ ಹೆಬ್ಬೆಟ್ಟು ಒತ್ತಿದಳು. ಹೊಲ ಗೌಡನಿಗೆ ಹೋದ ಮೇಲೆ ನಾಟಕದಲ್ಲಿ ಮುಂದೆ ಆಗುವಂಥದ್ದು ಏನೂ ಉಳಿಯಲಿಲ್ಲ. ಜನ ಸಂತೋಷದಿಂದ ಬೇಗ ಮನೆಗೆ ಹೋದರು.

ಹೀಗೆ ನಾಲ್ಕು ಆಟಗಳಾದ ಮೇಲೆ ದಾದಾಸಾಹೇಬರು ಮಾಳಪ್ಪನವರನ್ನು ಬೆಲ್ಲದ ಅಂಗಡಿಗೆ ಕರೆದರು.

"ಮಾಳಪ್ಪಣ್ಣಾ, ಖರೆ ಹೇಳ್ತೇನಿ, ಸಿಟ್ಟ ಆಗಬ್ಯಾಡ. ನೀ ಬಾಯಿ ತೆಗದ್ರ ನಾಟಕ ಮುಗೀತೈತಿ. ಬಾಯಿ ತೆಗೀಲಿಕ್ಕಂದ್ರ ಮಂದಿ ಬರ್ತಾರ. ನಾ ಏನ್ ಮಾಡ್ಲಿ?"

"ಆ ಮಾತ ಬಿಟ್ರ ನಂದೇನೈತ್ರಿ ಧಣೀರ?"

"ಮುಖ ಐತೆಲೋ!"

ಗೋಕಾಕದಲ್ಲಿ ಕಟ್ಟಿಗೆಯ ಗೊಂಬೆ ಮಾಡುವ ಒಬ್ಬ ಕುಶಲಕರ್ಮಿಗೆ ಆರು ಅಡಿ ಎತ್ತರದ ಚೌಕಟ್ಟು ಮಾಡಲು ಹೇಳಲಾಯಿತು. ಹೂಬಳ್ಳಿ ಕೆತ್ತಿ, ಬಂಗಾರದ ಬಣ್ಣ ಬಳಿದು ಕೊಟ್ಟ. ಮುಂದಿನ ಆಟದಿಂದ ಗೌಡನ ಪಾತ್ರ ಬೇರೆಯವನಿಗೆ ಹೋಯಿತು. ಮಾಳಪ್ಪನವರು ವಿಧವೆಯ ಮನೆಯ ಗೋಡೆಯಲ್ಲಿ, ಚೌಕಟ್ಟಿನೊಳಗೆ ಮೂರೂ ಅಂಕ ನಿಂತರು. ಆಟ ಸತತ ನೂರ ಹನ್ನೆರಡು ದಿನ ನಡೆಯಿತು.

ಚೌಕಟ್ಟು ಹಗಲಿಗೆ ಖಾಲಿ ಇರುತ್ತಿತ್ತು. ಸಭೆ ಸಮಾರಂಭದವರು ಕೇಳತೊಡಗಿದರು. ಯಾವ ಕಾರ್ಯಕ್ರಮಕ್ಕಾದರೂ ಮೊದಲು ಯಾರದಾದರೂ ಭಾವಚಿತ್ರಕ್ಕೆ ಮಾಲೆ ಹಾಕಬೇಕು. ಯಾರದು ಎಂಬುದಕ್ಕೆ ಪ್ರತಿ ಸಲ ಜಗಳ. ಮಾಳಪ್ಪನವರ ವಿಷಯದಲ್ಲಿ ಯಾರ ತಕರಾರೂ ಇರಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಜಂಟಿ ಸಾಂಸ್ಕೃತಿಕ ಸಮಿತಿಯವರು ಅವರನ್ನು ಕಾಯಂ ಮಾಡಿಕೊಂಡರು. ಆಮಂತ್ರಣ ಪತ್ರಿಕೆಯಲ್ಲಿ "ದೀಪ ಬೆಳಗಿಸುವುದು, ಮಾಳಪ್ಪನವರಿಗೆ ಮಾಲಾರ್ಪಣೆ, ಸ್ವಾಗತ ಗೀತೆ" ಎಂದು ಅಚ್ಚಾಗುತ್ತಿತ್ತು. ಗಣ್ಯರು ಊದುಬತ್ತಿ ಬೆಳಗಿ ಹೂವು ಏರಿಸುವಾಗ ಮಾಳಪ್ಪನವರಿಗೆ ಸೀನು ಬರುತ್ತಿತ್ತು. ಸೀನುತ್ತಿರಲಿಲ್ಲ. ವೃತ್ತಿಯ ಶಿಸ್ತು ಅದು.

ಮಾತು ಮಾತ್ರ ಒಳಗೇ ಇತ್ತು. ಅದು ತುಕ್ಕು ಹಿಡಿಯಬಾರದೆಂದು ಮಾಳಪ್ಪನವರು ವಾರಕ್ಕೊಮ್ಮೆ ನಸುಕಿನ ಬಸ್ಸಿನಲ್ಲಿ ಗೋಕಾಕ ಫಾಲ್ಸ್‌ಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಅಲ್ಲಿ ಬಾಜೂ ನಿಂತವರ ಮಾತೂ ಕೇಳಿಸುವುದಿಲ್ಲ. ನೀರಿಗೆ ಮುಖ ಮಾಡಿ ಹನ್ನೊಂದು ನಿಮಿಷ ಪೂರ್ತಿ ಹೇಳಿ, ಮೀಸೆಯ ಮೇಲಿನ ನೀರು ಒರೆಸಿಕೊಂಡು, ವಾಂತಿ ಬಾರದಂತೆ ನಿಂಬೆಹಣ್ಣು ಮೂಸುತ್ತ ವಾಪಸು ಬರುತ್ತಿದ್ದರು.

ಇಷ್ಟರಲ್ಲಿ ಬಾಳೇಶನ ಪ್ರಕರಣ ನಡೆಯಿತು. ಬಾಳೇಶ ಹತ್ತರಗಿಯವನೇ. ಪಕ್ಕದ ಹೊಲದ ಮುತ್ತಪ್ಪನಿಂದ ಔಷಧ ಹೊಡೆಯುವ ಪಂಪು ತಂದಿದ್ದ. ತಂದೇ ಇಲ್ಲ ಎನ್ನುತ್ತಿದ್ದ. ಊರ ಹಿರಿಯರು, "ಅಪ್ಪಾರ ಮುಂದ ಆಣಿ ಮಾಡಲಿ" ಎಂದರು. ಎಲ್ಲರೂ ಮಾಳಪ್ಪನವರ ಮನೆಗೆ ಬಂದರು. ದುಂಡವ್ವ ಗಂಡನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಹಾರ ಹಾಕಿದಳು.

"ಪಂಪು ನಾ ಒಯ್ದಿಲ್ಲ," ಎಂದ ಬಾಳೇಶ, ಮಾಳಪ್ಪನವರ ಪಾದ ಮುಟ್ಟಿ. "ಒಯ್ದಿದ್ರ ಅಪ್ಪಾರು ಈಗಿಂದೀಗ ಹೇಳಲಿ."

ಅದೇ ದಿನ ಬೆಳಗ್ಗೆ ಬಾಳೇಶನ ಹಿತ್ತಲಲ್ಲಿ ಆ ಪಂಪನ್ನು ಮಾಳಪ್ಪನವರು ಕಣ್ಣಾರೆ ನೋಡಿದ್ದರು. ಹಳದಿ ಬಣ್ಣ, ಪಟ್ಟಿಗೆ ಗಂಟು. ಎಲ್ಲರೂ ಎರಡು ನಿಮಿಷ ಕಾದರು. ಮಾಳಪ್ಪನವರ ಮುಖದ ಮೇಲೆ ಇಹಲೋಕದ ಯಾವ ಚಿಂತೆಯೂ ಕಾಣಲಿಲ್ಲ. ಬಾಳೇಶ ಗೆದ್ದ.

ಜನ ಹೋದ ಮೇಲೆ ಮಾಳಪ್ಪನವರು ಹಾರ ತೆಗೆದು ಮಗಳು ಮಯೂರಿಯನ್ನು ಕರೆದರು. ಅವಳು ಹುಕ್ಕೇರಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ.

"ಒಂದ್ ಅರ್ಜಿ ಬರೀಬೇಕವಾ. ಒಂದ ಸಲ, ಮಂದಿ ಮುಂದ, ಪೂರಾ ಮಾತ ಹೇಳಬೇಕು. ಇಲ್ಲಿಕ್ಕಂದ್ರ ನಾ ಖರೇನ ಫೋಟೋ ಆಗಿಬಿಡ್ತೇನಿ."

"ನಿಮ್ಮ ಬಾಯಿ ಐತಿ, ಹೇಳ್ರೆಲಾ ಅಪ್ಪಾ. ಅರ್ಜಿ ಯಾಕ?"

"ಕಾಯಂ ಆಗೇನವಾ. ಕೇಳದ ಹೆಂಗ ಹೇಳ್ಲಿ?"

ಮಯೂರಿ ಬರೆದಳು. "ವಿಷಯ: ಹನ್ನೊಂದು ನಿಮಿಷ ಮಾತನಾಡಲು ಅನುಮತಿ ಕೋರಿ."

ಅರ್ಜಿ 2023ರ ಅಕ್ಟೋಬರ್‌ನಲ್ಲಿ ಜಂಟಿ ಸಮಿತಿಯ ಸಭೆಗೆ ಬಂತು. ಕಾರ್ಯದರ್ಶಿ ಧನ್ಯಕುಮಾರ ಅವರು ಕನ್ನಡಕ ಏರಿಸಿ ಓದಿದರು. ನಂತರ ಇನ್ನೊಂದು ದಪ್ಪ ಪುಸ್ತಕ ತೆಗೆದು ಬೆರಳಾಡಿಸಿದರು.

"ಒಂದ್ ಅಡಚಣಿ ಐತ್ರಿ. ಅರ್ಜಿದಾರರು ಕಲಾವಿದರ ಯಾದಿಯೊಳಗ ಇಲ್ಲ. ಇಲ್ಲಿ ಅದಾರ ನೋಡ್ರಿ, ವೇದಿಕಿ ಸಾಮಾನಿನ ದಾಸ್ತಾನು. ಹನ್ನೊಂದು, ದೀಪದ ಕಂಬ. ಹನ್ನೆರಡು, ಭಾಷಣದ ಮೇಜು. ಹದಿಮೂರು, ಜಮಖಾನಿ. ಹದಿನಾಲ್ಕು, ಮಾಳಪ್ಪ, ಚೌಕಟ್ಟು ಸಹಿತ."

"ಸಾಮಾನು ಮಾತಾಡಾಕ ಬರತೈತೇನ್ರಿ?" ಎಂದು ಒಬ್ಬ ಸದಸ್ಯರು ಕೇಳಿದರು.

"ಹಿಂದಿನ ಉದಾಹರಣಿ ಇಲ್ರಿ. ಜಮಖಾನಿ ಅರ್ಜಿ ಹಾಕಿಲ್ಲ."

ಗೋಕಾಕದ ಮಹಿಳಾ ಧಾರಾವಾಹಿ ವೀಕ್ಷಕರ ಸಂಘದ ಅಧ್ಯಕ್ಷೆ ಶ್ರದ್ಧಾ ಎದ್ದು ನಿಂತರು. "ನಮ್ಮ ಸಂಘದ ವಿರೋಧ ಐತ್ರಿ. ಸೊಸಿ ಮನಿ ಬಿಟ್ಟು ಹೋದ್ಲು, ಅಪ್ಪಾರು ಸುಮ್ಮನಿದ್ರು. ಸಣ್ಣ ಮಗಾ ಆಸ್ತಿ ಬರಸ್ಕೊಂಡ, ಸುಮ್ಮನಿದ್ರು. ನಾವೂ ತಡಕೊಂಡ್ವಿ. ಈಗ ಬಾಯಿ ಬಿಟ್ರ, ಇಷ್ಟು ದಿನಾ ಬಾಯಾಗ ಏನ್ ಇಟಗೊಂಡಿದ್ರಿ ಅಂತ ಮಂದಿ ಕೇಳೂದಿಲ್ಲೇನು?"

ಸಭಾಂಗಣದ ಮೂಲೆಯಲ್ಲಿ ಮಾಳಪ್ಪನವರು ಚೌಕಟ್ಟಿನೊಳಗೆ ನಿಂತಿದ್ದರು. ಸಭೆಯೂ ಒಂದು ಕಾರ್ಯಕ್ರಮವಾದ್ದರಿಂದ ಮೊದಲಿಗೆ ಅವರಿಗೆ ಮಾಲೆ ಹಾಕಲಾಗಿತ್ತು. ಅವರು ಏನೂ ಹೇಳಲಿಲ್ಲ. ಅನುಮತಿ ಇನ್ನೂ ಸಿಕ್ಕಿರಲಿಲ್ಲ.

ಮೂರು ಉಪಸಮಿತಿ ಮತ್ತು ಮೂರು ತಿಂಗಳ ನಂತರ ಠರಾವು ಹೊರಬಿತ್ತು.

"ದಾಸ್ತಾನು ಸಂಖ್ಯೆ ಹದಿನಾಲ್ಕನ್ನು ದಿನಾಂಕ 11-02-2024ರ ಭಾನುವಾರ ಸಂಜೆ ಐದೂವರೆಗೆ ದಾಸ್ತಾನಿನಿಂದ ಕಡಿಮೆ ಮಾಡಿ ಕಲಾವಿದರ ಯಾದಿಗೆ ಸೇರಿಸತಕ್ಕದ್ದು. ಮಾತನಾಡಿದ ಅವಧಿ ಹನ್ನೊಂದು ನಿಮಿಷ ತುಂಬಿದ ಕೂಡಲೇ ಸುಸ್ಥಿತಿಯಲ್ಲಿ ವಾಪಸು ದಾಸ್ತಾನಿಗೆ ಜಮಾ ಮಾಡತಕ್ಕದ್ದು. ಆ ಅವಧಿಯಲ್ಲಿ ಭಾವಚಿತ್ರದ ಅಗತ್ಯ ಬಿದ್ದಲ್ಲಿ ಜಮಖಾನೆಗೆ ಮಾಲೆ ಹಾಕತಕ್ಕದ್ದು."

ಆ ಭಾನುವಾರ ಗೋಕಾಕದ ಮೈದಾನದಲ್ಲಿ ನಾಲ್ಕು ಸಾವಿರ ಜನ ಸೇರಿದ್ದರು. ಮೂಡಲಗಿಯಿಂದ ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ದುಂಡವ್ವ ಮತ್ತು ಮಯೂರಿ ಮುಂದಿನ ಸಾಲಿನಲ್ಲಿದ್ದರು. ಮಾಳಪ್ಪನವರು ಕೆಂಪು ರುಮಾಲು ಸುತ್ತಿ ಚೌಕಟ್ಟಿನಿಂದ ಒಂದು ಕಾಲು ಹೊರಗಿಟ್ಟರು.

"ಹುಷಾರ್ರೀ ಅಪ್ಪಾರ, ಗಾಜು ಚುಚ್ಚೀತು!" ಎಂದು ಯಾರೋ ಕೂಗಿದರು. ಗಾಜು ಇರಲಿಲ್ಲ.

ಮಾಳಪ್ಪನವರು ಮುಂದೆ ಬಂದರು. ಬಲಗೈ ಮೇಲೆತ್ತಿದರು. ಎದೆ ತುಂಬ ಗಾಳಿ ತುಂಬಿಕೊಂಡರು. ನಾಲ್ಕು ವರ್ಷದ ನಂತರ ಮನುಷ್ಯರಿಗೆ ಮುಖ ಮಾಡಿ ಬಾಯಿ ತೆರೆದರು.

"ಈ!"

ಮೈದಾನದ ಮರಗಳಿಂದ ಹಕ್ಕಿಗಳೆಲ್ಲ ಎದ್ದವು. ಹಿಂದೆ ಒಂದು ಕೂಸು ಅತ್ತಿತು. ಮಾಳಪ್ಪನವರ ಕಣ್ಣು ಸಂತೋಷಕ್ಕೆ ತೇವವಾಯಿತು.

ಆಗ ಮೈಕಿನಲ್ಲಿ ಧನ್ಯಕುಮಾರರ ಧ್ವನಿ ಕೇಳಿಸಿತು. "ಅಪ್ಪಾರ ಪಾತ್ರಕ್ಕ ಮೆಚ್ಚಿ, ಮೂಡಲಗಿಯ ಅಲ್ಲವ್ವನವರಿಂದ ಒಂದು ಸ್ಟೀಲಿನ ಕೊಡ ಆಯೇರಿ!"

ಈ ಭಾಗದ ನಾಟಕಗಳಲ್ಲಿ ಪ್ರೇಕ್ಷಕರು ಮೆಚ್ಚಿದ ನಟನಿಗೆ ಆಟದ ನಡುವೆಯೇ ಉಡುಗೊರೆ ಕೊಡುತ್ತಾರೆ. ಅದೇ ಆಯೇರಿ. ಕೂಗಿದ ಕೂಡಲೇ ನಾಟಕ ನಿಲ್ಲುತ್ತದೆ. ಕೊಡುವವರು ರಂಗ ಹತ್ತಿ ಬಂದು ಕೊಟ್ಟು ಇಳಿಯುವವರೆಗೆ ನಟ ಹೇಗಿದ್ದನೋ ಹಾಗೇ ನಿಂತಿರಬೇಕು. ಕೊಲೆ ಮಾಡುತ್ತಿದ್ದರೆ ಚಾಕು ಎತ್ತಿಕೊಂಡೇ ನಿಂತಿರಬೇಕು. ಅಲುಗಾಡಿದರೆ ಕೊಟ್ಟವರ ಮರ್ಯಾದೆ ಹೋಯಿತು. ಇಪ್ಪತ್ತಾರು ವರ್ಷದಲ್ಲಿ ಮಾಳಪ್ಪನವರು ಒಂದು ಸಲವೂ ಅಲುಗಾಡಿದವರಲ್ಲ.

ಅವರು ಕೈ ಎತ್ತಿ, ಬಾಯಿ ತೆರೆದು ನಿಂತರು.

"ಅಯ್ಯ, ನಿಂತ್ರ ನೋಡ!" ಎಂದಳು ಅಲ್ಲವ್ವ, ಕೊಡ ಕೊಟ್ಟು ಕಣ್ಣೊರೆಸಿಕೊಳ್ಳುತ್ತ. "ಥೇಟ ಟಿವಿಯೊಳಗ ನಿಂತಾಂಗ!"

ಸಭೆಗೆ ವಿಷಯ ಅರ್ಥವಾಯಿತು. ಅವಳು ಇಳಿದ ಮೇಲೆ ಮಾಳಪ್ಪನವರು "ಊರಾಗ" ಎಂದರು. ಎನ್ನುವಷ್ಟರಲ್ಲಿ ರಂಗದ ಮೆಟ್ಟಿಲಿಗೆ ಸರದಿ ನಿಂತಿತ್ತು. ಶಾಲು ಬಂತು, ಟಾವೆಲ್ ಬಂತು, ನಾಲ್ಕು ಅಂತಸ್ತಿನ ಡಬ್ಬಿ ಬಂತು. ಶ್ರದ್ಧಾ ಅವರ ಸಂಘದ ಎಂಬತ್ತು ಸದಸ್ಯೆಯರು ಒಂದೊಂದೇ ಕರದಂಟಿನ ಪೊಟ್ಟಣ ಹಿಡಿದು ಬೇರೆ ಬೇರೆಯಾಗಿ ಹತ್ತಿದರು. ಒಬ್ಬರು ಸೀಲಿಂಗ್ ಫ್ಯಾನು ಕೊಟ್ಟರು. ಮಾಳಪ್ಪನವರ ಎತ್ತಿದ ಕೈಯಲ್ಲಿ ಜಾಗ ಸಾಲದೆ ಡಬ್ಬಿಯನ್ನು ಮೊಣಕೈಗೆ ನೇತು ಹಾಕಲಾಯಿತು. ತಾರಾಬಾಯಿ ರಂಗಕ್ಕೆ ಬಂದು ತನ್ನ ಕೈಗಡಿಯಾರ ಕಟ್ಟಿ, "ಇನ್ನ ಸ್ವಲ್ಪ ತಡಕೋ ಅಣ್ಣಾ," ಎಂದು ಮೆಲ್ಲಗೆ ಹೇಳಿ ಹೋದಳು.

"ಗಾಳಿ" ಎಂಬ ಮಾತು ಆರೂ ಮುಕ್ಕಾಲಿಗೆ ಬಂತು.

ಬಾಳೇಶ ಸರದಿಯಲ್ಲಿ ನಿಂತು ಹಳದಿ ಬಣ್ಣದ ಔಷಧ ಪಂಪೊಂದನ್ನು ಆಯೇರಿ ಮಾಡಿದ. ಕೆಳಗೆ ಕೂತಿದ್ದ ಮುತ್ತಪ್ಪ ಅದರ ಪಟ್ಟಿಯ ಗಂಟು ನೋಡಿದ. ನೋಡಿ, ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಅಪ್ಪಾರಿಗೆ ಸೇರಿದ ಮೇಲೆ ಅವನದೇನೂ ತಕರಾರಿರಲಿಲ್ಲ.

"ಬೀಸಬೇಕಾದ್ರೂ" ಎಂದು ಮಾಳಪ್ಪನವರು ಹೇಳಿ ಮುಗಿಸಿದಾಗ ಏಳೂ ಮುಕ್ಕಾಲು. ಮೂಡಲಗಿಯ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದವು. ಜನ ತೃಪ್ತಿಯಿಂದ ಎದ್ದರು. ಇಂಥ ನಟನೆ ಈಚೆಗೆ ಎಲ್ಲಿಯೂ ನೋಡಿರಲಿಲ್ಲ ಎಂದು ದಾದಾಸಾಹೇಬರೇ ಒಪ್ಪಿಕೊಂಡರು. ಶ್ರದ್ಧಾ ತಮ್ಮ ವಿರೋಧವನ್ನು ಲಿಖಿತವಾಗಿ ವಾಪಸು ಪಡೆದರು.

ದುಂಡವ್ವ ರಂಗ ಹತ್ತಿ ಗಂಡನ ಕೈ ಕೆಳಗಿಳಿಸಿದಳು. ತಾನಾಗಿ ಇಳಿಯುತ್ತಿರಲಿಲ್ಲ. ಭುಜ ತಿಕ್ಕಿದಳು.

"ಕೇಳಿಸ್ತೇನ?" ಎಂದರು ಮಾಳಪ್ಪನವರು.

"ಕೇಳಿಸ್ತ್ರಿ. ಗಾಳಿ ಅಂದದ್ದಂತೂ ಭಾಳ ಛಲೋ ಇತ್ತು. ನನಗ ಅಂಜಿಕಿ ಬಂತು."

"ಖರೆ?"

"ನಿಮ್ಮಾಣಿ."

ಮಾಳಪ್ಪನವರು ಸಭೆ ಖಾಲಿಯಾಗಿದೆಯೇ ಎಂದು ಎರಡೂ ಕಡೆ ನೋಡಿ ಹಲ್ಲು ತೋರಿಸಿ ನಕ್ಕರು. ಆಮೇಲೆ ಧನ್ಯಕುಮಾರರ ಮುಂದೆ ನಿಂತರು. "ಸಾಹೇಬ್ರ, ಉಳದದ್ದು?"

ಧನ್ಯಕುಮಾರರು ಗಡಿಯಾರ ನೋಡಿ ಲೆಕ್ಕ ಹಾಕಿದರು. ನಿಂತದ್ದು ಬಿಟ್ಟು ಮಾತನಾಡಿದ ಅವಧಿ ಏಳು ಸೆಕೆಂಡು. ಹನ್ನೊಂದು ನಿಮಿಷ ತುಂಬಿರಲಿಲ್ಲ. ಆದ್ದರಿಂದ ಅನುಮತಿ ಜಾರಿಯಲ್ಲಿಯೇ ಇತ್ತು. ಸಮಿತಿ ಅಲ್ಲಿಯೇ ಚೌಕಟ್ಟಿನ ಮುಂದೆ ತುರ್ತು ಸಭೆ ಸೇರಿತು. ಪ್ರತಿ ವರ್ಷ ಫೆಬ್ರವರಿಯ ಎರಡನೇ ಭಾನುವಾರ ಇದೇ ಮೈದಾನದಲ್ಲಿ, ಹಿಂದಿನ ವರ್ಷ ನಿಂತಲ್ಲಿಂದ ಮಾತು ಮುಂದುವರಿಯತಕ್ಕದ್ದು ಎಂದು ಸರ್ವಾನುಮತದಿಂದ ಠರಾವಾಯಿತು. ಐದನೇ ಪದ "ನನ್ನ". ಮಾಳಪ್ಪನವರು ಮರುದಿನದಿಂದಲೇ ಅದರ ತಾಲೀಮು ಶುರು ಮಾಡಿದರು. ಅದಕ್ಕೆ ಹನ್ನೊಂದು ಬಗೆಯ ಏರಿಳಿತ ಇವೆ ಎಂದು ಅವರಿಗೆ ಮೊದಲು ಗೊತ್ತಿರಲಿಲ್ಲ.

ಮೈದಾನ ಎಷ್ಟು ವರ್ಷಕ್ಕೆ ಬೇಕಾಗುತ್ತದೆ ಎಂದು ಸಮಿತಿ ಕೇಳಿದ್ದಕ್ಕೆ ಮಯೂರಿ ಲೆಕ್ಕ ಮಾಡಿಕೊಟ್ಟಳು. ಮಾತಿನಲ್ಲಿ ಒಟ್ಟು ಪದಗಳು 912. ಆದದ್ದು 4. ಬಾಕಿ 908. ಧನ್ಯಕುಮಾರರು ವರ್ಷಕ್ಕೆ ನಾಲ್ಕರಂತೆ ಭಾಗಿಸಿ, ಶೇಷ ಉಳಿಯದ್ದಕ್ಕೆ ಸಮಾಧಾನಪಟ್ಟು, ಮೈದಾನವನ್ನು ಅಂದೇ ಕಾಯ್ದಿರಿಸಿದರು. ಕಾಯ್ದಿರಿಸಿದ ವರ್ಷಗಳ ಸಂಖ್ಯೆ 227.